ಹದಿನಾಲ್ಕು ಕಿಲೋ ದೋಣಿಗೆ ನಲವತ್ತು ಅಡಿ ಕಂಟೇನರ್

ಬೆಂಗಳೂರಿನ ಕಡಲು ಯಾವುದು ಎಂದು ಕೇಳಿದರೆ ಕನ್ನಡಿಗರ ಬಾಯಲ್ಲಿ ಮೊದಲು ಬರುವುದು ಮಂಗಳೂರಿನ ಹೆಸರು. ಹಡಗಿಗೆ ಸರಕು ಏರಿಸುವವರನ್ನು ಕೇಳಿ ನೋಡಿ, ಅವರು ಪೂರ್ವಕ್ಕೆ ಕೈ ತೋರಿಸುತ್ತಾರೆ. ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲಿ ರೈಲು ಹತ್ತಿ, ಇಲ್ಲವೇ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ಹತ್ತಿ, ಕೃಷ್ಣಗಿರಿ, ವೆಲ್ಲೂರು, ಶ್ರೀಪೆರಂಬುದೂರು ದಾಟಿ ಬೆಂಗಳೂರಿನ ಸರಕು ಚೆನ್ನೈ ಬಂದರು ಸೇರುತ್ತದೆ. 1881ರಲ್ಲಿ ಕೃತಕ ಬಂದರಾಗಿ ಕೆಲಸ ಶುರುಮಾಡಿದ ಈ ಜಾಗದಲ್ಲೇ 1983ರಲ್ಲಿ ದೇಶದ ಮೊದಲ ಪ್ರತ್ಯೇಕ ಕಂಟೇನರ್ ಟರ್ಮಿನಲ್ ತೆರೆಯಿತು. ಹೆದ್ದಾರಿ ಊರಿಗೆ ಕಾಲಿಡುವ ಪಶ್ಚಿಮದ ಅಂಚಿನಲ್ಲಿ, ಪೂನಮಲ್ಲಿಯಿಂದ ಸೇಂಟ್ ಥಾಮಸ್ ಮೌಂಟ್ ಕಡೆ ಹೋಗುವ ರಸ್ತೆಯ ಮೇಲೆ ಪೋರೂರು ಇದೆ.

ಪೋರೂರು ಎಂದರೆ ಕೆರೆ, ಶ್ರೀ ರಾಮಚಂದ್ರ ಆಸ್ಪತ್ರೆ, ಸುತ್ತಲಿನ ಸಾಫ್ಟ್‌ವೇರ್ ಕಚೇರಿಗಳು. ಇಲ್ಲಿನ ಕ್ರೀಡಾ ವಿಜ್ಞಾನ ಪ್ರಯೋಗಾಲಯಕ್ಕೆ ಐಸಿಸಿ ಮಾನ್ಯತೆ ಸಿಕ್ಕಿದ ಮೇಲೆ ಸುನಿಲ್ ನರೈನ್, ಸಯೀದ್ ಅಜ್ಮಲ್ ಅವರಂಥ ಬೌಲರ್‌ಗಳು ತಮ್ಮ ಬೌಲಿಂಗ್ ಶೈಲಿಯ ಪರೀಕ್ಷೆಗೆ ಬಂದು ಹೋದದ್ದು ಕ್ರಿಕೆಟ್ ನೋಡುವವರಿಗೆ ನೆನಪಿರಬಹುದು. ಈ ಭಾಗದ ಬಾಡಿಗೆ ಮನೆಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಕನ್ನಡ ಕುಟುಂಬಗಳೂ ಇವೆ. ಕಂಪನಿಯವರು ಮೆಲ್ಬರ್ನ್‌ಗೋ ಟೊರಾಂಟೊಗೋ ಹೊರಡಿ ಎಂದಾಗ ಸೋಫಾ, ಮಂಚ ಮಾರುವುದು ಕಷ್ಟವಲ್ಲ. ಮಾರಲು ಮನಸ್ಸು ಬಾರದ್ದು ಬಾಲ್ಕನಿಯ ಸೈಕಲ್, ಈಸ್ಟ್ ಕೋಸ್ಟ್ ರಸ್ತೆಯ ಕೋವಳಂನಲ್ಲಿ ಅಲೆ ಹತ್ತಲು ಕಲಿತ ಸರ್ಫ್ ಬೋರ್ಡ್, ಮಗನ ಕ್ರಿಕೆಟ್ ಕಿಟ್, ಕುಮಾರ ಪರ್ವತಕ್ಕೆ ಹೊತ್ತ ಟೆಂಟು. ಇವನ್ನು ಹಡಗಿನಲ್ಲಿ ಕಳಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿದವರಿಗೆ ಒಂದು ಬೆಲೆ ಸಿಗುತ್ತದೆ. ಆ ಬೆಲೆಯ ಒಳಗೆ ಏನಿದೆ, ಹೊರಗೆ ಏನು ಉಳಿದಿದೆ ಎಂಬ ವಿವರ ಸಿಗುವುದಿಲ್ಲ. ಆಟದ ಸಾಮಾನನ್ನು ಪ್ರೀತಿಸುವವರು ಈ ಲೆಕ್ಕವನ್ನು ತಾವೇ ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ.

ಮೊದಲಿಗೆ ಅಳತೆಯ ವಿಷಯ. ಒಂದು ಸೈಕಲ್ಲನ್ನು ಬಿಚ್ಚಿ 140 ಸೆಂಟಿಮೀಟರ್ ಉದ್ದ, 80 ಎತ್ತರ, 20 ಅಗಲದ ರಟ್ಟಿನ ಪೆಟ್ಟಿಗೆಗೆ ಹಾಕಿದರೆ ತೂಕ ಹದಿನೈದು ಹದಿನಾರು ಕಿಲೋ ಆದೀತು. ವಿಮಾನದ ಸರಕು ವಿಭಾಗದವರು ಅದನ್ನು ತಕ್ಕಡಿಗೆ ಹಾಕಿ ಸುಮ್ಮನಾಗುವುದಿಲ್ಲ. ಮೂರು ಅಳತೆಗಳನ್ನು ಗುಣಿಸಿ 6000ದಿಂದ ಭಾಗಿಸುತ್ತಾರೆ; 37 ಕಿಲೋ ದಾಟುತ್ತದೆ. ಕೊರಿಯರ್‌ನವರು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 45 ಕಿಲೋ ಹತ್ತಿರ ಹೋಗುತ್ತದೆ. ಸರ್ಫ್ ಬೋರ್ಡಿನ ಪಾಡು ಇನ್ನೂ ಕಷ್ಟ. ಮೂರು ಕಿಲೋ ತೂಗುವ ಆರಡಿ ಬೋರ್ಡನ್ನು ಎರಡು ಮೀಟರ್ ಉದ್ದದ, 60 ಸೆಂಟಿಮೀಟರ್ ಅಗಲದ, 15 ಸೆಂಟಿಮೀಟರ್ ದಪ್ಪದ ಪೆಟ್ಟಿಗೆಯಲ್ಲಿ ಭದ್ರ ಮಾಡಿದರೆ 6000ದ ಲೆಕ್ಕದಲ್ಲೇ 30 ಕಿಲೋಗೆ ಬಾಡಿಗೆ ತೆರಬೇಕು. ದೊಡ್ಡ ಮೈ, ಹಗುರ ತೂಕ: ಬಯಲಿನಲ್ಲಿ ಆಡುವ ಹೆಚ್ಚಿನ ಸಾಮಾನುಗಳ ಗುಣವೇ ಇದು. ಹಾಗಾಗಿ ಇವಕ್ಕೆ ಆಕಾಶ ದುಬಾರಿ.

ಹಡಗಿನ ಲೆಕ್ಕ ಬೇರೆ. ಇಡೀ ಕಂಟೇನರ್ ತುಂಬದಷ್ಟು ಸರಕನ್ನು ಬೇರೆಯವರ ಸರಕಿನ ಜೊತೆ ಸೇರಿಸಿ ಕಳಿಸುವುದಕ್ಕೆ ಈ ಕಸುಬಿನವರು ಎಲ್‌ಸಿಎಲ್ ಎನ್ನುತ್ತಾರೆ. ಅಲ್ಲಿ ಒಂದು ಘನ ಮೀಟರ್ ಅಥವಾ ಒಂದು ಸಾವಿರ ಕಿಲೋ, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಒಂದು ಘನ ಮೀಟರ್ ಜಾಗದಲ್ಲಿ ಸಾವಿರ ಕಿಲೋ ತೂಗುವ ಆಟದ ಸಾಮಾನು ಜಿಮ್ಮಿನ ಕಬ್ಬಿಣದ ತಟ್ಟೆಗಳನ್ನು ಬಿಟ್ಟರೆ ಬೇರೆ ಇಲ್ಲವೆಂದೇ ಹೇಳಬೇಕು. ಹಾಗಾಗಿ ನೀವು ಕೊಡುವುದು ಜಾಗದ ಬಾಡಿಗೆ. ಇಲ್ಲೊಂದು ಕಟ್ಟುಪಾಡಿದೆ: ಸಾಮಾನ್ಯವಾಗಿ ಒಂದು ಘನ ಮೀಟರ್‌ಗಿಂತ ಕಡಿಮೆ ಸರಕಿಗೂ ಒಂದರ ಬಾಡಿಗೆಯೇ. ನಮ್ಮ ಸೈಕಲ್ ಪೆಟ್ಟಿಗೆ 0.224 ಘನ ಮೀಟರ್. ಒಂದನ್ನು ಕಳಿಸಿದರೂ ನಾಲ್ಕನ್ನು ಕಳಿಸಿದರೂ ಸಮುದ್ರದ ಬಾಡಿಗೆ ಒಂದೇ. ಒಂಟಿ ಸೈಕಲ್ಲನ್ನು ಹಡಗಿಗೆ ಹಾಕುವುದಕ್ಕಿಂತ ವಿಮಾನ ಹತ್ತುವಾಗ ಜೊತೆಯ ಲಗೇಜಾಗಿ ಒಯ್ಯುವುದೇ ಮೇಲು. ಎರಡು ಸೈಕಲ್, ಬೋರ್ಡು, ಟೆಂಟು, ಕ್ರಿಕೆಟ್ ಕಿಟ್ ಎಲ್ಲ ಸೇರಿ ಒಂದು ಘನ ಮೀಟರ್ ಮುಟ್ಟುವ ಮನೆಗೆ ಹಡಗು ಲಾಭದ ದಾರಿ. ಪಕ್ಕದ ಮನೆಯವರ ಸಾಮಾನನ್ನೂ ನಿಮ್ಮ ಹೆಸರಿನಲ್ಲಿ ಸೇರಿಸಿಬಿಡುವ ಯೋಚನೆ ಮಾತ್ರ ಬೇಡ. ಆ ಕಡೆಯ ಕಸ್ಟಮ್ಸ್‌ನವರು ಸುಂಕದ ವಿನಾಯಿತಿ ಕೊಡುವುದು ನಿಮ್ಮ ಸ್ವಂತ ವಸ್ತುವಿಗೆ.

ಉದ್ದ ಹೆಚ್ಚಾದಂತೆ ಕತೆ ಬದಲಾಗುತ್ತದೆ. 1867ರಲ್ಲಿ ಹುಟ್ಟಿದ ಮದರಾಸು ಬೋಟ್ ಕ್ಲಬ್ಬಿನವರು ಅಡ್ಯಾರ್ ನದಿಯಲ್ಲಿ ಇಂದಿಗೂ ಹುಟ್ಟು ಹಾಕುತ್ತಾರೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಎಂಇಜಿ ಯೋಧರೂ ಹುಟ್ಟು ಹಾಕುತ್ತಾರೆ. ಒಬ್ಬರೇ ಕೂರುವ ಸ್ಪರ್ಧೆಯ ದೋಣಿ ಅಂತರರಾಷ್ಟ್ರೀಯ ನಿಯಮದಂತೆ 14 ಕಿಲೋಗಿಂತ ಹಗುರ ಇರಬಾರದು. ಅಂದರೆ ಒಳ್ಳೆಯ ದೋಣಿಗಳೆಲ್ಲ ಆ ಹದಿನಾಲ್ಕರ ಆಸುಪಾಸಿನಲ್ಲೇ ಇರುತ್ತವೆ. ಉದ್ದ ಮಾತ್ರ ಸುಮಾರು 8.2 ಮೀಟರ್. ಇಪ್ಪತ್ತಡಿ ಕಂಟೇನರಿನ ಒಳಗಿನ ಉದ್ದ 5.9 ಮೀಟರ್. ಹಾಗಾಗಿ ಒಬ್ಬರು ಹೆಗಲ ಮೇಲೆ ಹೊತ್ತು ನಡೆಯುವ ಆ ದೋಣಿಗೆ ನಲವತ್ತಡಿ ಕಂಟೇನರೇ ಬೇಕು. ಎಂಟು ಮಂದಿಯ ದೋಣಿ ಹದಿನೇಳು ಮೀಟರ್ ದಾಟುವುದರಿಂದ ನಲವತ್ತಡಿಯಲ್ಲೂ ಹಿಡಿಸದು. ಅದಕ್ಕಾಗಿಯೇ ತಯಾರಕರು ಅದನ್ನು ತುಂಡುಗಳಾಗಿ ಬಿಚ್ಚಿ ಜೋಡಿಸುವಂತೆ ಮಾಡುತ್ತಾರೆ. ನಿಂತು ಹುಟ್ಟು ಹಾಕುವ ಸ್ಟ್ಯಾಂಡ್-ಅಪ್ ಪ್ಯಾಡಲ್ ಸ್ಪರ್ಧೆಯ ಬೋರ್ಡು 14 ಅಡಿ, ಅಂದರೆ 4.27 ಮೀಟರ್. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ಬಿನ ನೆರಳಿನಲ್ಲಿ ಬೆಳೆದ ತನ್ವಿ ಜಗದೀಶ್ ಅವರಂಥವರು ಹೊರದೇಶದ ಸ್ಪರ್ಧೆಗೆ ಹೊರಟಾಗ ಎದುರಾಗುವ ಮೊದಲ ಗೋಡೆ ಈ ಉದ್ದವೇ. ಎಷ್ಟೋ ವಿಮಾನಗಳು ಇಷ್ಟುದ್ದದ ಸಾಮಾನು ತೆಗೆದುಕೊಳ್ಳುವುದೇ ಇಲ್ಲ. 2024ರ ಮಾರ್ಚಿನಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್, 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ನಡೆದಾಗ ಲೋಕವೇ ನಮ್ಮ ತೀರಕ್ಕೆ ಬಂತು. ನಮ್ಮ ಮಕ್ಕಳು ಆ ಕಡೆ ಹೋಗುವ ಸರದಿ ಹೆಚ್ಚಿದಂತೆ ಈ ಸಾಗಣೆಯ ತಿಳಿವಳಿಕೆ ತರಬೇತಿಯ ಭಾಗವೇ ಆಗಬೇಕು.

ಇನ್ನು ಬೆಲೆ. ಚೆನ್ನೈ ಬಂದರಿನ ಎದುರಿನ ಜಾರ್ಜ್ ಟೌನಿನಲ್ಲಿ, ತಂಬು ಚೆಟ್ಟಿ ಬೀದಿ, ಲಿಂಗಿ ಚೆಟ್ಟಿ ಬೀದಿಗಳಲ್ಲಿ ಸರಕು ಸಾಗಣೆ ಏರ್ಪಡಿಸುವ ಫಾರ್ವರ್ಡರ್‌ಗಳ, ಕಸ್ಟಮ್ಸ್ ಬ್ರೋಕರ್‌ಗಳ ಕಚೇರಿಗಳು ಸಾಲಾಗಿ ಇವೆ. ಅಲ್ಲಿ ವಿಚಾರಿಸಿದರೆ ಒಂದು ಘನ ಮೀಟರಿಗೆ ಹೇಳುವ ಸಮುದ್ರದ ಬಾಡಿಗೆ ಆಶ್ಚರ್ಯವಾಗುವಷ್ಟು ಕಡಿಮೆ ಇರಬಹುದು. ಕೆಲವು ಮಾರ್ಗಗಳಲ್ಲಿ ಸೊನ್ನೆಗೂ ಇಳಿಯುತ್ತದೆ. ಇದು ಮೋಸ ಎಂದು ದುಡುಕಬೇಡಿ. ಸರಕನ್ನು ಒಟ್ಟುಗೂಡಿಸುವವರಿಗೆ ಕಂಟೇನರ್ ತುಂಬಿಸುವುದು ಮುಖ್ಯ. ಇಲ್ಲಿ ಬಿಟ್ಟುಕೊಟ್ಟ ಹಣವನ್ನು ಅವರು ಆ ತುದಿಯಲ್ಲಿ ವಸೂಲು ಮಾಡುತ್ತಾರೆ. ಟರ್ಮಿನಲ್ ಶುಲ್ಕ, ಕಂಟೇನರ್ ಬಿಚ್ಚಿ ಸರಕು ಬೇರ್ಪಡಿಸುವ ಶುಲ್ಕ, ಡೆಲಿವರಿ ಆರ್ಡರ್ ಶುಲ್ಕ, ದಾಖಲೆ ಶುಲ್ಕ, ಗೋದಾಮಿನ ಬಾಡಿಗೆ, ಕಸ್ಟಮ್ಸ್ ಏಜೆಂಟರ ಶುಲ್ಕ, ಮನೆಯವರೆಗಿನ ಲಾರಿ, ಎಲ್ಲ ಡಾಲರ್ ಅಥವಾ ಪೌಂಡಿನಲ್ಲಿ. ಮೂಗಿಗಿಂತ ಮೂಗುತಿ ಭಾರ ಆಗುವುದು ಇಲ್ಲೇ. ಅಲ್ಲಿ ಇಳಿದ ಮೇಲೆ ಚೌಕಾಸಿಗೆ ಜಾಗವಿಲ್ಲ, ಏಕೆಂದರೆ ನಿಮ್ಮ ಸಾಮಾನು ಅವರ ಗೋದಾಮಿನಲ್ಲಿದೆ, ದಿನದ ಬಾಡಿಗೆ ಏರುತ್ತಿದೆ. ಆದ್ದರಿಂದ ಇಲ್ಲಿಂದ ಹೊರಡುವ ಮೊದಲೇ ಆ ತುದಿಯ ಪ್ರತಿಯೊಂದು ಶುಲ್ಕವನ್ನೂ ಬರಹದಲ್ಲಿ ಕೇಳಿ ಪಡೆಯಬೇಕು. ಕೊಡಲು ಹಿಂದೆಮುಂದೆ ನೋಡುವವರ ಬಳಿ ಸಾಮಾನು ಕೊಡಲೇಬಾರದು. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ.

ಸಾಮಾನು ಸಾಗುವ ದಾರಿ ಹೀಗೆ: ಪೋರೂರಿನ ಮನೆಯಿಂದ ಟೆಂಪೊದಲ್ಲಿ ಸಿಎಫ್‌ಎಸ್ ಎಂದು ಕರೆಯುವ ಸರಕು ಗೋದಾಮಿಗೆ, ಅಲ್ಲಿ ಕಸ್ಟಮ್ಸ್ ಪರಿಶೀಲನೆ, ಆಮೇಲೆ ಹಲವರ ಸರಕಿನೊಂದಿಗೆ ಒಂದೇ ಕಂಟೇನರಿಗೆ ತುಂಬುವ ಕೆಲಸ. ಅಲ್ಲಿಂದ ಬಂದರಿಗೆ ಹೋಗುವ ರಸ್ತೆಯಲ್ಲಿ ಕಂಟೇನರ್ ಲಾರಿಗಳ ಉದ್ದನೆಯ ಸಾಲು ಚೆನ್ನೈಯವರಿಗೆ ಹೊಸದಲ್ಲ. ಮಧುರವಾಯಲಿನಿಂದ ಬಂದರಿಗೆ ಮೇಲ್ಸೇತುವೆ ರಸ್ತೆಗೆ 2009ರಲ್ಲಿ ಶಂಕುಸ್ಥಾಪನೆಯಾಗಿ, 2012ರಲ್ಲಿ ಕೆಲಸ ನಿಂತು, 2022ರಲ್ಲಿ ಎರಡು ಅಂತಸ್ತಿನ ಹೊಸ ರೂಪದಲ್ಲಿ ಮತ್ತೆ ಶಂಕುಸ್ಥಾಪನೆಯಾಯಿತು. ಹಡಗು ಹತ್ತಿದ ಮೇಲೂ ಸಾಮಾನ್ಯವಾಗಿ ಕೊಲಂಬೊ, ಸಿಂಗಪುರ ಅಥವಾ ಪೋರ್ಟ್ ಕ್ಲಾಂಗಿನಲ್ಲಿ ಇನ್ನೊಂದು ಹಡಗಿಗೆ ಬದಲಾಗಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ನಂತರ ಯುರೋಪಿಗೆ ಹೋಗುವ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿದವು. ಹತ್ತು ಹದಿನಾಲ್ಕು ದಿನ ಹೆಚ್ಚಾಯಿತು. ಮನೆಯಿಂದ ಮನೆಗೆ ಎರಡು ಎರಡೂವರೆ ತಿಂಗಳು ಇಟ್ಟುಕೊಂಡರೆ ನೆಮ್ಮದಿ. ಸ್ಪರ್ಧೆಯ ದಿನಾಂಕ ಕೈಯಲ್ಲಿಟ್ಟುಕೊಂಡವರು ಇದಕ್ಕಿಂತ ಕಡಿಮೆ ಸಮಯದಲ್ಲಿ ಹಡಗನ್ನು ನಂಬಬಾರದು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಮಣ್ಣಿನಲ್ಲಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೋಗುವ ಬಳಸಿದ ಸೈಕಲ್, ಟೆಂಟು, ಚಾರಣದ ಶೂ, ಗಾಲ್ಫ್ ಬ್ಯಾಗು, ಮೀನು ಹಿಡಿಯುವ ಸಲಕರಣೆ, ಕ್ರಿಕೆಟ್ ಸ್ಪೈಕ್ಸ್, ಇವೆಲ್ಲವನ್ನೂ ಅಲ್ಲಿನ ಜೈವಿಕ ಸುರಕ್ಷತಾ ಅಧಿಕಾರಿಗಳು ತಪಾಸಣೆಗೆ ಒಳಪಡಿಸುತ್ತಾರೆ. ಟೈರಿನ ಗೀರಿನಲ್ಲಿ ಒಣಗಿದ ಕೆಸರು, ಟೆಂಟಿನ ಹೊಲಿಗೆಯಲ್ಲಿ ಸಿಕ್ಕ ಹುಲ್ಲಿನ ಬೀಜ, ಶೂ ತಳದ ಮಣ್ಣು ಕಂಡರೆ ತೊಳೆಸುತ್ತಾರೆ, ಸಂಸ್ಕರಿಸುತ್ತಾರೆ, ಇಲ್ಲವೇ ವಾಪಸು ಕಳಿಸಿ ಅಥವಾ ನಾಶ ಮಾಡಿ ಎನ್ನುತ್ತಾರೆ, ಖರ್ಚು ನಿಮ್ಮದು. ಇದನ್ನು ಅತಿ ಎನ್ನುವ ಮೊದಲು ನಮ್ಮ ರಸ್ತೆ ಬದಿಯ ಕಾಂಗ್ರೆಸ್ ಗಿಡವನ್ನು ನೆನೆಯಬೇಕು. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಣ್ಣಿಗೆ ಬಿದ್ದ ಆ ಪಾರ್ಥೇನಿಯಂ, ಹೊರಗಿನಿಂದ ಬಂದ ಗೋಧಿಯ ಜೊತೆ ಬಂತೆಂದು ಹೇಳುತ್ತಾರೆ. ಇಂದು ಅದು ಹಬ್ಬದ ಹೊಲವಿಲ್ಲ, ಸೈಟಿಲ್ಲ. ಆಸ್ಟ್ರೇಲಿಯಾ ಅದೇ ಗಿಡವನ್ನು ರಾಷ್ಟ್ರಮಟ್ಟದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿ ಇಟ್ಟಿದೆ, ಮತ್ತು ಅದರ ಬೀಜ ಬೆಂಗಳೂರು ಹೊರವಲಯದಲ್ಲಿ ಓಡಿದ ಮೌಂಟನ್ ಬೈಕಿನ ಟೈರಿಗೆ ಅಂಟುವುದು ಬಲು ಸುಲಭ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ನದಿಯಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡ ಮೇಲೆ ನೀರಿನ ಆಟದ ಸಲಕರಣೆಗಳನ್ನು ನೋಡಿ, ತೊಳೆದು, ಒಣಗಿಸುವುದನ್ನು ಆ ದೇಶ ಕಡ್ಡಾಯದ ಮಟ್ಟಕ್ಕೆ ತಂದಿತು. ನಮ್ಮ ನೆಲ ಕೆಟ್ಟಾಗ ಯಾರೂ ಹೀಗೆ ಕಾವಲು ನಿಂತಿರಲಿಲ್ಲ. ಅವರ ಕಾವಲನ್ನು ನಾವು ಗೌರವಿಸಬೇಕು.

ತೊಳೆಯುವ ಬಗೆಯೂ ಒಂದು ಕೆಲಸವೇ. ಸೈಕಲ್ಲಿನ ಚಕ್ರ ಬಿಚ್ಚಿ, ಬ್ರೇಕು, ಪೆಡಲು, ಚೈನಿನ ಸಂದಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಶೂವಿನ ಲೇಸು ತೆಗೆದು ನಾಲಿಗೆಯ ಒಳಗೂ ನೋಡಬೇಕು. ಟೆಂಟಿನ ಗೂಟಗಳನ್ನು ಹೊಸದಾಗಿ ಕೊಳ್ಳುವುದೇ ಮೇಲು. ತೊಳೆದ ಸಾಮಾನಿನ ಫೋಟೊ ತೆಗೆದಿಡಿ. ಅದಕ್ಕಿಂತ ಮುಖ್ಯ, ಒಣಗಿಸುವುದು. ಚೆನ್ನೈಯ ಗಾಳಿಯಲ್ಲಿ ಮಧ್ಯಾಹ್ನ ಒಣಗಿದಂತೆ ಕಾಣುವ ಬಟ್ಟೆ ಸಂಜೆಗೆ ಮತ್ತೆ ತೇವ ಹೀರುತ್ತದೆ. ಆ ತೇವವನ್ನು ಪೆಟ್ಟಿಗೆಯಲ್ಲಿ ಮುಚ್ಚಿ, ಹಗಲಲ್ಲಿ ಕಾದು ರಾತ್ರಿ ತಣ್ಣಗಾಗುವ ಕಬ್ಬಿಣದ ಡಬ್ಬದಲ್ಲಿ ಒಂದೂವರೆ ತಿಂಗಳು ಇಟ್ಟರೆ ಚಾವಣಿಯಿಂದ ಹನಿ ತೊಟ್ಟಿಕ್ಕುತ್ತದೆ. ಬೂಷ್ಟು ಹಿಡಿದ ಲೆದರ್ ಚೆಂಡು, ಅಂಟು ಬಿಟ್ಟ ಶೂ ಕೈಗೆ ಬರುತ್ತವೆ. ಡೆಕ್ಕಿನ ಮೇಲಿನ ಕಂಟೇನರಿನ ಒಳಗೆ ಬಿಸಿ 50 ಡಿಗ್ರಿ ದಾಟಬಹುದು, ಹಾಗಾಗಿ ಫೋಮ್ ತುಂಬಿದ ಸರ್ಫ್ ಬೋರ್ಡಿಗೆ ಗಾಳಿ ಕಿಂಡಿ ಇದ್ದರೆ ಅದನ್ನು ತೆರೆದಿಡಬೇಕು. ಪೆಟ್ಟಿಗೆಗೆ ಸಿಲಿಕಾ ಜೆಲ್ ಧಾರಾಳವಾಗಿ ಹಾಕಿ. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಳೆಯ ತಿಂಗಳುಗಳಲ್ಲಿ ಸಾಧ್ಯವಾದರೆ ಪ್ಯಾಕಿಂಗ್ ಮಾಡಲೇಬೇಡಿ. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂದಾಗ ಬಂದರಿನ ಕೆಲಸ ನಿಂತಿತ್ತು, ನಗರದ ಬೀದಿಗಳು ಕೆರೆಯಾಗಿದ್ದವು.

ಮರದ ಪೆಟ್ಟಿಗೆ ಮಾಡಿಸುವವರು ಬಡಗಿಗೆ ಹಸಿ ಹಲಗೆ ಬೇಡವೆನ್ನಬೇಕು. ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ಯಾಕಿಂಗ್ ಮರದ ತಿರುಳು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾದಿರಬೇಕು, ಇಲ್ಲವೇ ಮಾನ್ಯವಾದ ಬೇರೆ ಉಪಚಾರ ಆಗಿರಬೇಕು, ಮೇಲೆ ಅದರ ಮುದ್ರೆ ಇರಬೇಕು. ಪ್ಲೈವುಡ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಹಗುರವೂ ಹೌದು. ನನ್ನ ಮತ ಪ್ಲೈವುಡ್ಡಿಗೇ.

ಕೆಲವನ್ನು ಬಿಟ್ಟೇ ಹೋಗಬೇಕು. ಕ್ಯಾಂಪಿಂಗ್ ಸ್ಟೌವಿನ ಗ್ಯಾಸ್ ಡಬ್ಬಿ, ಇಂಧನದ ವಾಸನೆ ಉಳಿದ ಸ್ಟೌ, ತಾನಾಗಿ ಉಬ್ಬುವ ಲೈಫ್ ಜಾಕೆಟ್ಟಿನ ಅನಿಲದ ಸಿಲಿಂಡರ್, ಎಲೆಕ್ಟ್ರಿಕ್ ಸೈಕಲ್ಲಿನ ಲಿಥಿಯಂ ಬ್ಯಾಟರಿ ಎಲ್ಲವೂ ಹಡಗಿನ ಭಾಷೆಯಲ್ಲಿ ಅಪಾಯಕಾರಿ ಸರಕು. ಹೇಳದೆ ಒಳಗೆ ತುರುಕುವುದು ಅಪರಾಧವಷ್ಟೇ ಅಲ್ಲ, ಆ ಹಡಗಿನಲ್ಲಿ ಮನುಷ್ಯರಿದ್ದಾರೆ. 2021ರ ಮೇ ತಿಂಗಳಲ್ಲಿ ಕೊಲಂಬೊ ಎದುರು ಹೊತ್ತಿ ಉರಿದ ಎಕ್ಸ್‌-ಪ್ರೆಸ್ ಪರ್ಲ್ ಹಡಗನ್ನೂ, ಅದರಿಂದ ಶ್ರೀಲಂಕಾದ ತೀರಕ್ಕೆ ಬಂದು ಬಿದ್ದ ಪ್ಲಾಸ್ಟಿಕ್ ಕಾಳಿನ ರಾಶಿಯನ್ನೂ ಅಲ್ಲಿನ ಮೀನುಗಾರರು ಮರೆತಿಲ್ಲ.

ಸುಂಕದ ವಿಷಯದಲ್ಲಿ ಬಳಸಿದ್ದು, ಹೊಸದು ಎಂಬ ಭೇದವೇ ದೊಡ್ಡದು. ವಾಸ ಬದಲಿಸುವವರು ತಮ್ಮ ಬಳಸಿದ ವಸ್ತು ತರುವಾಗ ಹೆಚ್ಚಿನ ದೇಶಗಳು ಸುಂಕ ಬಿಡುತ್ತವೆ. ಬ್ರಿಟನ್ನಿಗೆ ಕನಿಷ್ಠ ಆರು ತಿಂಗಳು, ಆಸ್ಟ್ರೇಲಿಯಾಕ್ಕೆ ಹನ್ನೆರಡು ತಿಂಗಳು ನೀವು ಇಟ್ಟುಕೊಂಡು ಬಳಸಿರಬೇಕು. ಹಾಗಾಗಿ ಹೊರಡುವ ಹಿಂದಿನ ವಾರ ಹೊಸ ಕಿಟ್ ಕೊಂಡು ಹಾಕುವುದು ಜಾಣತನವಲ್ಲ. ಅಮೆರಿಕದ ನೆಂಟರಿಗೆ ಹೊಸ ಬ್ಯಾಟು, ಪ್ಯಾಡು ಮಾರಾಟದ ಸರಕಾಗಿ ಕಳಿಸುವವರು, 800 ಡಾಲರ್ ಒಳಗಿನದಕ್ಕೆ ಸುಂಕವಿಲ್ಲ ಎಂಬ ಹಳೆಯ ಅನುಕೂಲ 2025ರ ಆಗಸ್ಟ್ 29ಕ್ಕೆ ಮುಗಿದುದನ್ನು ಗಮನಿಸಬೇಕು. ಸ್ಪರ್ಧೆಗೆ ಒಯ್ದು ವಾಪಸು ತರುವ ತಂಡಗಳಿಗೆ ಎಟಿಎ ಕಾರ್ನೆ ಎಂಬ ದಾಖಲೆ ಇದೆ. ಭಾರತದಲ್ಲಿ ಅದನ್ನು ಕೊಡುವುದು ಫಿಕ್ಕಿ. ಒಂದು ವರ್ಷದ ಅವಧಿಯೊಳಗೆ ವಾಪಸು ತಂದರೆ ಅಲ್ಲೂ ಇಲ್ಲೂ ಸುಂಕವಿಲ್ಲ. ಸೈಕಲ್ಲಿನ ಫ್ರೇಮ್ ನಂಬರು, ಹಾಯಿಯ ನಂಬರು ಪಟ್ಟಿಯಲ್ಲಿ ಸರಿಯಾಗಿ ಇರಬೇಕು, ಅಷ್ಟೆ. ಎಷ್ಟೋ ಸಲ ಒಯ್ಯದಿರುವುದೇ ಸರಿ. ಚೆನ್ನೈಯ ನೇತ್ರಾ ಕುಮಾನನ್ ಸ್ಪರ್ಧಿಸುವ ವರ್ಗದ ಹಾಯಿದೋಣಿಯನ್ನು ಒಲಿಂಪಿಕ್ಸಿನಲ್ಲಿ ಸಂಘಟಕರೇ ಕೊಡುತ್ತಾರೆ. ಹುಟ್ಟು ಹಾಕುವ ದೋಣಿಯೂ ಬಾಡಿಗೆಗೆ ಸಿಗುತ್ತದೆ.

ವಿಮೆ ಮಾಡಿಸುವುದು ಬೇಡ ಎನ್ನುವವರಿಗೆ ಎರಡು ವಿಷಯ. ಹಡಗಿನವರ ಹೊಣೆಗೆ ಮಿತಿ ಇದೆ. 1925ರ ಹಳೆಯ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಮುದ್ರ ಸರಕು ಸಾಗಣೆಯ ಹೊಸ ಕಾಯ್ದೆ ಬಂದಿದೆ. ನಮ್ಮಲ್ಲಿ ನಡೆದುಬಂದ ನಿಯಮದಂತೆ ಆ ಮಿತಿ, ಎಸ್‌ಡಿಆರ್ ಎಂಬ ಅಂತರರಾಷ್ಟ್ರೀಯ ಹಣದ ಏಕಮಾನದಲ್ಲಿ, ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್ ಅಥವಾ ಕಿಲೋಗೆ 2 ಎಸ್‌ಡಿಆರ್, ಯಾವುದು ಹೆಚ್ಚೋ ಅದು. ರೂಪಾಯಿಯಲ್ಲಿ ಪ್ಯಾಕೇಜಿಗೆ 80 ಸಾವಿರದ ಆಸುಪಾಸು. ಬಿಲ್ ಆಫ್ ಲೇಡಿಂಗ್ ಎಂಬ ಸರಕಿನ ದಾಖಲೆಯಲ್ಲಿ ‘ಒಂದು ಪ್ಯಾಲೆಟ್’ ಎಂದಷ್ಟೇ ಬರೆದರೆ ಅದರ ಮೇಲಿನ ನಾಲ್ಕು ಸೈಕಲ್ ಸೇರಿ ಒಂದೇ ಪ್ಯಾಕೇಜ್ ಎಂದಾಗುವ ಭಯವಿದೆ. ‘ನಾಲ್ಕು ಪೆಟ್ಟಿಗೆ’ ಎಂದು ಬರೆಸಿದರೆ ನಾಲ್ಕಕ್ಕೂ ಬೇರೆ ಬೇರೆ ಹಕ್ಕು. ಎರಡನೆಯದು ಜನರಲ್ ಆವರೇಜ್. ಹಡಗನ್ನು ಉಳಿಸಲು ಆದ ಖರ್ಚನ್ನು ಸರಕಿನ ಒಡೆಯರೆಲ್ಲ ಹಂಚಿಕೊಳ್ಳಬೇಕಾದ ಪುರಾತನ ಪದ್ಧತಿ ಇದು. 2021ರ ಮಾರ್ಚಿನಲ್ಲಿ ಸೂಯೆಜಿನಲ್ಲಿ ಆರು ದಿನ ಸಿಕ್ಕಿಬಿದ್ದ ಎವರ್ ಗಿವನ್ ಹಡಗಿನಲ್ಲಿ ಸರಕಿಟ್ಟವರಿಗೆ, ಸಾಮಾನು ಚೆನ್ನಾಗಿದ್ದರೂ, ಈ ಹೊರೆ ಬಿತ್ತು. ವಿಮೆ ಇದ್ದರೆ ಅದನ್ನು ಕಂಪನಿ ನೋಡಿಕೊಳ್ಳುತ್ತದೆ. ಸಮುದ್ರ ಆಟದ ಸಾಮಾನು ನುಂಗಿದ್ದೂ ಉಂಟು: 1990ರ ಮೇ ತಿಂಗಳಲ್ಲಿ ಹಂಸಾ ಕ್ಯಾರಿಯರ್ ಹಡಗಿನಿಂದ ಬಿದ್ದ ಕಂಟೇನರ್‌ಗಳಲ್ಲಿ 60 ಸಾವಿರಕ್ಕೂ ಹೆಚ್ಚು ನೈಕಿ ಶೂಗಳಿದ್ದವು. ಅವು ದಡ ಸೇರಿದ ಜಾಗಗಳನ್ನು ಗುರುತಿಸಿಯೇ ಸಮುದ್ರ ವಿಜ್ಞಾನಿ ಕರ್ಟಿಸ್ ಎಬ್ಬೆಸ್‌ಮೆಯರ್ ಪೆಸಿಫಿಕ್ಕಿನ ಪ್ರವಾಹಗಳನ್ನು ಅಧ್ಯಯನ ಮಾಡಿದರು. ಪಾಲಿಸಿಯಲ್ಲಿ ‘ಮಾಲೀಕರೇ ಪ್ಯಾಕ್ ಮಾಡಿದ್ದು’ ಎಂಬ ಸಾಲನ್ನು ಹುಡುಕಿ ಓದಿ. ಹಾಗೆ ಪ್ಯಾಕ್ ಮಾಡಿದ ಸಾಮಾನು ಪೂರ್ತಿ ಕಳೆದರೆ ಮಾತ್ರ ಪರಿಹಾರ, ಮುರಿದರೆ ಇಲ್ಲ ಎನ್ನುವ ಪಾಲಿಸಿಗಳೇ ಹೆಚ್ಚು.

ಆ ತುದಿಯಲ್ಲಿ ಪೆಟ್ಟಿಗೆ ಬಂದಾಗ ಲಾರಿಯವರ ಆತುರಕ್ಕೆ ಸಹಿ ಹಾಕಬೇಡಿ. ಮೂಲೆ ಜಜ್ಜಿದ್ದರೆ, ಟೇಪು ಬಿಚ್ಚಿದ್ದರೆ ರಸೀದಿಯ ಮೇಲೇ ಬರೆದು, ಆಮೇಲೆ ಸಹಿ. ಹೊರಗಿನಿಂದ ಕಾಣದ ಹಾನಿಯನ್ನು ಸಾಮಾನು ಕೈಸೇರಿದ ಮೂರು ದಿನದೊಳಗೆ ಬರಹದಲ್ಲಿ ತಿಳಿಸಬೇಕು. ದಾವೆ ಹೂಡಲು ಒಂದು ವರ್ಷದ ಗಡುವು. ಹೊಸ ಊರು, ಹೊಸ ಮನೆ, ಕೆಲಸದ ಮೊದಲ ವಾರದ ಗಡಿಬಿಡಿಯಲ್ಲಿ ಸೈಕಲ್ಲಿನ ಪೆಟ್ಟಿಗೆಯನ್ನು ಗ್ಯಾರೇಜಿನಲ್ಲಿ ಒರಗಿಸಿ ತಿಂಗಳ ನಂತರ ತೆರೆಯುವವರಿಗೆ ಕಾರ್ಬನ್ ಫ್ರೇಮಿನ ಸೀಳು ಕಾಣುವ ಹೊತ್ತಿಗೆ ಆ ಮೂರು ದಿನ ಕಳೆದಿರುತ್ತದೆ. ಬಂದ ದಿನವೇ ಬಿಚ್ಚಿ, ಫ್ರೇಮು, ಫೋರ್ಕು, ಚಕ್ರದ ಅಂಚುಗಳನ್ನು ಬೆಳಕಿನಲ್ಲಿ ತಿರುಗಿಸಿ ನೋಡಿ.